ನಕ್ಷೆಗೆ ಬಾರದ ಕ್ರಿಯಾರೂಪ

ನಮ್ಮ ಪುರವಣಿಗಳಲ್ಲಿ ವಾರಕ್ಕೆ ಮೂರೋ ನಾಲ್ಕೋ ಪುಸ್ತಕಗಳು ವಿಮರ್ಶೆಗೆ ಒಳಗಾಗುತ್ತವೆ. ಅವುಗಳಲ್ಲಿ ಬಹುಪಾಲು ಐನೂರು, ಹೆಚ್ಚೆಂದರೆ ಸಾವಿರ ಪ್ರತಿ ಅಚ್ಚಾದಂಥವು. ಓದಿದವರ ಸಂಖ್ಯೆ ಅದಕ್ಕೂ ಕಡಿಮೆಯೆಂದು ಬರೆದವರೇ ನಿಟ್ಟುಸಿರಿಡುತ್ತಾರೆ. ಆದಾಗ್ಯೂ ಅಂಥ ಕೃತಿಯಲ್ಲಿ ಒಂದು ಉಪಮೆ ಎಡವಿದರೆ, ಒಂದು ಸಮಾಸ ಅರಿಸಮಾಸವಾದರೆ ನಾವು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಬೆಳಗಾದರೆ ಲಕ್ಷಾಂತರ ಮಂದಿ ಓದುವ, ಓದಿದ ಮರುಕ್ಷಣವೇ ನಂಬಿ ನಡೆಯುವ ಬರಹವೊಂದಿದೆ. ಅದನ್ನು ವಿಮರ್ಶೆಗೆ ಎತ್ತಿಕೊಂಡವರು ವಿರಳ. ಬೈಯುವವರಿಗೇನೋ ಕೊರತೆಯಿಲ್ಲ, ಸಿಗ್ನಲ್ಲಿಗೊಬ್ಬರು ಸಿಕ್ಕುತ್ತಾರೆ. ಆದರೆ ಬೈಗುಳವು ವಿಮರ್ಶೆಯಲ್ಲವೆಂಬುದನ್ನು ಈ ಪುಟದ ವಾಚಕರಿಗೆ ಹೇಳಬೇಕಾಗಿಲ್ಲ.

ಆ ಬರಹವೆಂದರೆ ನಮ್ಮ ಫೋನುಗಳಲ್ಲಿ ಸದ್ಯದ ಟ್ರಾಫಿಕ್ ತೋರಿಸುವ ನಕ್ಷೆ.

ನಕ್ಷೆಯನ್ನು ಬರಹವೆನ್ನಬಹುದೆ ಎಂದು ಕೇಳುವವರಿರಬಹುದು. ಅದಕ್ಕೆ ಶಬ್ದಕೋಶವಿದೆ: ಹಸಿರೆಂದರೆ ದಾರಿ ಸುಗಮ, ಕಿತ್ತಳೆಯೆಂದರೆ ಕೊಂಚ ದಟ್ಟಣೆ, ಕೆಂಪೆಂದರೆ ತಡ, ಕೆಂಪು ಕಡುವಾದಷ್ಟೂ ವೇಗ ಕಡಿಮೆ. ಅದಕ್ಕೆ ವಾಕ್ಯವಿದೆ: ಇಲ್ಲಿಂದ ಅಲ್ಲಿಗೆ 28 ನಿಮಿಷ. ಈಚೆಗೆ ಅದಕ್ಕೆ ಕಂಠವೂ ಬಂದಿದೆ. ಕನ್ನಡದಲ್ಲಿಯೇ ಎಡಬಲಗಳನ್ನು ಹೇಳುತ್ತದೆ. ಶಬ್ದ, ವಾಕ್ಯ, ಕಂಠ ಮೂರೂ ಇದ್ದಮೇಲೆ ಅದು ಏನು ಹೇಳುತ್ತದೆ, ಹೇಗೆ ಹೇಳುತ್ತದೆ, ಹೇಳುವ ಅಧಿಕಾರ ಅದಕ್ಕೆಲ್ಲಿಂದ ಬಂತು ಎಂದು ಕೇಳುವುದು ನಮ್ಮ ಕಸುಬಿಗೆ ಹೊರತಾದದ್ದೇನಲ್ಲ.

ಮೊದಲು ಕೃತಿಯ ಪೂರ್ವಾಪರ. ಗೂಗಲ್ ಸಂಸ್ಥೆ ತನ್ನ ನಕ್ಷೆಯಲ್ಲಿ ಟ್ರಾಫಿಕ್ಕಿನ ಬಣ್ಣಗಳನ್ನು ತೋರಿಸತೊಡಗಿದ್ದು 2007ರಲ್ಲಿ, ಅಮೆರಿಕದ ಕೆಲವು ನಗರಗಳಿಗೆ ಮಾತ್ರ. 2009ರ ಹೊತ್ತಿಗೆ ರಸ್ತೆಯಲ್ಲಿ ಓಡಾಡುವವರ ಜೇಬಿನ ಫೋನುಗಳೇ ಅದಕ್ಕೆ ಸುದ್ದಿಗಾರರಾದವು. ಭಾರತಕ್ಕೆ ಈ ಬಣ್ಣಗಳು ಬಂದದ್ದು 2012ರಲ್ಲಿ. ಮೊದಲ ಕಂತಿನ ನಗರಗಳಲ್ಲಿ ಬೆಂಗಳೂರೂ ಇತ್ತು. ನಮ್ಮ ಸ್ಕೂಟರು ಬೈಕುಗಳಿಗೆಂದೇ ಬೇರೆ ಲೆಕ್ಕ ಸೇರಿಸಿದ್ದು 2017ರ ಡಿಸೆಂಬರಿನಲ್ಲಿ. ಈಗ ಆ್ಯಪಲ್, ಟಾಮ್‌ಟಾಮ್, ನಮ್ಮವರದೇ ಆದ ಮ್ಯಾಪ್‌ಮೈಇಂಡಿಯಾ, ಹೀಗೆ ಕರ್ತೃಗಳು ಹಲವರು. ಹೆಚ್ಚು ಓದುಗರಿರುವುದು ಗೂಗಲಿಗಾದ್ದರಿಂದ ನನ್ನ ಉದಾಹರಣೆಗಳೂ ಬಹುಮಟ್ಟಿಗೆ ಅದರವೇ.

ಕೃತಿ ಹುಟ್ಟುವ ಬಗೆ ಇದು. ರಸ್ತೆಯನ್ನು ತುಂಡುತುಂಡಾಗಿ ಭಾಗಿಸಿಕೊಳ್ಳುತ್ತಾರೆ. ಪ್ರತಿ ತುಂಡಿನ ಮೇಲೂ ಈಗ ಎಷ್ಟು ಫೋನುಗಳು ಯಾವ ವೇಗದಲ್ಲಿ ಸರಿಯುತ್ತಿವೆಯೆಂದು, ಹೆಸರನ್ನು ಬದಿಗಿಟ್ಟು, ಒಟ್ಟುಗೂಡಿಸುತ್ತಾರೆ. ಇದೇ ವಾರ, ಇದೇ ವೇಳೆಯಲ್ಲಿ ಹಿಂದೆ ಹೇಗಿತ್ತೆಂಬ ದಾಖಲೆಯನ್ನು ಅದರ ಪಕ್ಕಕ್ಕಿಡುತ್ತಾರೆ. ಎರಡನ್ನೂ ಕೂಡಿಸಿ ಇನ್ನು ಹತ್ತು, ಇಪ್ಪತ್ತು, ಐವತ್ತು ನಿಮಿಷಗಳಲ್ಲಿ ಏನಾದೀತೆಂದು ಯಂತ್ರ ಊಹಿಸುತ್ತದೆ. ನಮ್ಮ ಕಣ್ಣಿಗೆ ಬೀಳುವ ಬಣ್ಣವೂ ಅಂಕಿಯೂ ಈ ಊಹೆಯ ಫಲ. ಅಂದರೆ, ರಸ್ತೆಯನ್ನು ಯಾರೂ ನೋಡಿಲ್ಲ. ಫೋನು ನಿಧಾನವಾಗಿ ಸರಿಯುತ್ತಿದೆ, ಆದ್ದರಿಂದ ವಾಹನ ನಿಧಾನವಾಗಿದೆ, ಆದ್ದರಿಂದ ರಸ್ತೆ ಕಿಕ್ಕಿರಿದಿದೆ: ಇದು ಆ ಕೃತಿಯ ತರ್ಕ.

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರಿಗೆ ಇದು ಹಳೆಯ ಪರಿಚಯವೇ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ. ನಮ್ಮ ನೈಯಾಯಿಕರು ಶತಮಾನಗಳ ಕಾಲ ತೇಯ್ದ ಉದಾಹರಣೆ. ಇದು ಅನುಮಾನ ಪ್ರಮಾಣ. ಬೆಂಕಿಯನ್ನು ಕಣ್ಣಾರೆ ಕಂಡರೆ ಅದು ಪ್ರತ್ಯಕ್ಷ. ಇವೆರಡಕ್ಕೂ ಅಂತರವಿದೆಯೆಂದೂ, ಅನುಮಾನದಲ್ಲಿ ಹೊಗೆಯೆಂದುಕೊಂಡದ್ದು ಹಬೆಯೋ ಧೂಳೋ ಆಗಿದ್ದರೆ ಬೆಂಕಿಯೂ ಸುಳ್ಳಾಗುವುದೆಂದೂ ಅವರು ಮೊದಲ ದಿನವೇ ಎಚ್ಚರಿಸುತ್ತಿದ್ದರು. ಟ್ರಾಫಿಕ್ ನಕ್ಷೆಯ ಮೇಲೆ ನನ್ನ ಮೊದಲ ಆಕ್ಷೇಪಣೆ ಇಲ್ಲಿಯೇ ಇದೆ. ಅದು ಅನುಮಾನವನ್ನು ಪ್ರತ್ಯಕ್ಷದ ವೇಷ ತೊಡಿಸಿ ರಂಗಕ್ಕೆ ಬಿಡುತ್ತದೆ.

ಬರ್ಲಿನ್ ನಗರದ ಕಲಾವಿದ ಸಿಮೋನ್ ವೆಕರ್ಟ್ ಈ ವೇಷವನ್ನು ಕಳಚಿ ತೋರಿಸಿದ ಬಗೆ ವಿನೋದವಾಗಿತ್ತು. 99 ಸ್ಮಾರ್ಟ್‌ಫೋನುಗಳನ್ನು ಒಂದು ಪುಟ್ಟ ಕೆಂಪು ಕೈಗಾಡಿಯಲ್ಲಿ ತುಂಬಿ, ಖಾಲಿ ಬೀದಿಗಳಲ್ಲಿ ಆಸಾಮಿ ನಿಧಾನವಾಗಿ ಎಳೆದುಕೊಂಡು ನಡೆದ. ಅವನು ನಡೆದ ಬೀದಿಗಳು ನಕ್ಷೆಯಲ್ಲಿ ಕೆಂಪಾದವು. ಬೀದಿಯಲ್ಲಿ ಇದ್ದದ್ದು ಒಬ್ಬ ಮನುಷ್ಯ, ಒಂದು ಗಾಡಿ. ನಕ್ಷೆಯಲ್ಲಿ ದೊಡ್ಡ ಜಾಮ್. ಇದು ಲೋಕಕ್ಕೆ ತಿಳಿದದ್ದು 2020ರ ಫೆಬ್ರವರಿಯಲ್ಲಿ. ಕಾರನ್ನೂ ಬೈಕನ್ನೂ ಬೇರ್ಪಡಿಸಿ ಗುರುತಿಸುವುದು ಭಾರತವೂ ಸೇರಿ ಕೆಲವು ದೇಶಗಳಲ್ಲಿ ತಮಗೆ ಸಾಧ್ಯವಾಗಿದೆ, ಕೈಗಾಡಿಯ ವಿದ್ಯೆ ಇನ್ನೂ ಕೈಹತ್ತಿಲ್ಲ ಎಂಬರ್ಥದಲ್ಲಿ ಗೂಗಲಿನವರು ನಗೆಯಾಡಿ ಸುಮ್ಮನಾದರು. ನಗುವಿನ ಸಂಗತಿಯೇ ಸರಿ. ಹೊಗೆಯಲ್ಲದ್ದು ಹೊಗೆಯಾಗಿ ಕಂಡದ್ದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆಯನ್ನು ಹಳೆಯ ತಾರ್ಕಿಕರೂ ಕೊಡಲಾರರು.

ಆದರೆ ಎಲ್ಲ ಪ್ರಸಂಗಗಳೂ ನಗುವಿನವಲ್ಲ. 2017ರ ಡಿಸೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಅಂಚಿನ ಗುಡ್ಡಗಳಿಗೆ ಕಾಡ್ಗಿಚ್ಚು ಹಬ್ಬಿತು. ಜನ ಮನೆ ಬಿಟ್ಟು ಹೊರಟರು, ಹೆದ್ದಾರಿ ಮುಚ್ಚಿತು, ಉಳಿದ ದಾರಿಗಳು ತುಂಬಿದವು. ಬೆಂಕಿ ಬಿದ್ದ ಬಡಾವಣೆಗಳ ಬೀದಿಗಳು ಮಾತ್ರ ಖಾಲಿ. ಖಾಲಿಯಿದ್ದುದರಿಂದ ದಾರಿ ಹೇಳುವ ಆ್ಯಪುಗಳು ವಾಹನಗಳನ್ನು ಆ ಬೀದಿಗಳತ್ತಲೇ ತಿರುಗಿಸತೊಡಗಿದವು. ಅವುಗಳನ್ನು ನಂಬಬೇಡಿರೆಂದು ಅಲ್ಲಿಯ ಪೊಲೀಸರು ಜನರನ್ನು ಕೇಳಿಕೊಳ್ಳಬೇಕಾಯಿತು. ಬೆಟ್ಟಕ್ಕೆ ಬೆಂಕಿ ನಿಜವಾಗಿಯೇ ಬಿದ್ದಿತ್ತು. ನಕ್ಷೆ ಕಂಡದ್ದು ತೆರವಾದ ದಾರಿಯನ್ನು.

ದಾರಿ ಏಕೆ ತೆರವಾಗಿದೆಯೆಂಬ ಪ್ರಶ್ನೆಯೇ ಈ ಕೃತಿಯಲ್ಲಿ ಏಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಸುತ್ತ ರಸ್ತೆ ತೆರವಾಗಿರುವುದು ಒಂದು. 2022ರ ಸೆಪ್ಟೆಂಬರ್ 5ರಂದು ನಮ್ಮ ಹೊರವರ್ತುಲ ರಸ್ತೆಯ ಕೆಲವು ಭಾಗಗಳಲ್ಲಿ ನೀರು ನಿಂತು, ಕಾರಿನವರು ಇಳಿದು ಟ್ರ್ಯಾಕ್ಟರ್ ಹತ್ತುವಂತಾದದ್ದು ಇನ್ನೊಂದು. ಎರಡು ಕಡೆಯೂ ಚಲಿಸುವ ಫೋನುಗಳು ವಿರಳ. ನೋಡುವ ಕಣ್ಣಿಗೆ ಎರಡೂ ಬೇರೆ ಬೇರೆ ಲೋಕಗಳು; ಎಣಿಸುವ ಯಂತ್ರದ ಮಟ್ಟಿಗೆ ಎರಡೂ ಶೂನ್ಯದ ಹತ್ತಿರದ ಅಂಕಿಗಳು. ಪೊಲೀಸರಾಗಲಿ ದಾರಿಹೋಕರಾಗಲಿ ಸುದ್ದಿ ಮುಟ್ಟಿಸಿ ರಸ್ತೆ ಮುಚ್ಚಿದೆಯೆಂದು ಗುರುತು ಹಾಕುವವರೆಗೂ ಆ ಅಂತರ ಅದಕ್ಕೆ ಹೊಳೆಯುವ ದಾರಿಯಿಲ್ಲ.

ಇನ್ನೊಂದು ತೊಡಕಿದೆ. ಉಪಗ್ರಹದ ನೆರವಿನಿಂದ ಫೋನು ತನ್ನ ನೆಲೆಯನ್ನು ತಿಳಿಯುವುದು ಬಯಲಿನಲ್ಲಿ ಸುಮಾರು 5 ಮೀಟರಿನ ಹೆಚ್ಚುಕಡಿಮೆಯಲ್ಲಿ. ಎತ್ತರದ ಕಟ್ಟಡಗಳ ನಡುವೆ ಅದೂ ಕೆಡುತ್ತದೆ. ಹೆದ್ದಾರಿಗೂ ಅದರ ಪಕ್ಕದ ಸರ್ವಿಸ್ ರಸ್ತೆಗೂ ನಡುವಿನ ಅಂತರ ಎಷ್ಟೋ ಕಡೆ ಅಷ್ಟೇ ಇರುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ 2024ರ ಜುಲೈನಲ್ಲಿ ತೆರೆದ ಎರಡಂತಸ್ತಿನ ಮೇಲ್ಸೇತುವೆಯನ್ನು ನೋಡಿ. ನೆಲದ ಮೇಲೊಂದು ರಸ್ತೆ, ಅದರ ಮೇಲೆ ವಾಹನಗಳ ಸೇತುವೆ, ಅದರ ಮೇಲೆ 2025ರ ಆಗಸ್ಟಿನಿಂದ ಓಡುತ್ತಿರುವ ಮೆಟ್ರೊ. ನಕ್ಷೆಯ ಕಾಗದದ ಮೇಲೆ ಮೂರಕ್ಕೂ ಒಂದೇ ಗೆರೆ. ಗೆರೆಯೊಳಗೆ ಮೂರು ವೇಗಗಳು. ಆಲಂಕಾರಿಕರು ಇದನ್ನು ಶ್ಲೇಷವೆಂದಾರು. ಕಾವ್ಯದಲ್ಲಿ ಶ್ಲೇಷ ಭೂಷಣ. ಆಸ್ಪತ್ರೆಗೆ ಹೊರಟವನಿಗೆ ಅಲ್ಲ. ಮೇಲ್ಸೇತುವೆ ಹತ್ತಬೇಕೆ ಬೇಡವೆ ಎಂದು ಮೊದಲೇ ಹೇಳುವ ಏರ್ಪಾಡನ್ನು ಗೂಗಲ್ ಭಾರತದಲ್ಲಿ 2024ರಲ್ಲಿ ಸೇರಿಸಿತೆಂಬುದನ್ನು ನೋಡಿದರೆ ಈ ಶ್ಲೇಷದ ಕಾಟ ಕರ್ತೃವಿಗೂ ತಿಳಿದೇ ಇತ್ತೆನ್ನಬೇಕು.

ಇಷ್ಟೆಲ್ಲ ಹೇಳಿದ್ದು ಯಂತ್ರ ತಪ್ಪುತ್ತದೆಯೆಂದು ದೂರುವುದಕ್ಕಲ್ಲ. ತಪ್ಪದ ಸುದ್ದಿಗಾರನನ್ನು ಲೋಕ ಕಂಡಿಲ್ಲ. ನನ್ನ ದೂರು ವ್ಯಾಕರಣದ್ದು.

ಕನ್ನಡದ ಶಾಲಾ ವ್ಯಾಕರಣದಲ್ಲಿ ಕ್ರಿಯಾಪದಕ್ಕೆ ಮೂರು ಕಾಲಗಳಲ್ಲದೆ ಮೂರು ಅರ್ಥರೂಪಗಳನ್ನೂ ಹೇಳುತ್ತಾರೆ: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಅಪ್ಪಣೆ, ಹಾರೈಕೆಗಳಿಗೆ ಮೊದಲನೆಯದು, ಇಲ್ಲವೆನ್ನುವುದಕ್ಕೆ ಎರಡನೆಯದು, ಆದರೂ ಆಗಬಹುದು ಎಂಬ ಊಹೆಗೆ ಮೂರನೆಯದು. ಮಳೆ ಬಂದೀತು, ಅವನು ಹೋದಾನು, ಬಸ್ಸು ತಪ್ಪೀತು. ಊಹೆಗೆಂದೇ ಕ್ರಿಯಾಪದದಲ್ಲಿ ಒಂದು ಪ್ರತ್ಯಯವನ್ನು ಮೀಸಲಿಟ್ಟ ಭಾಷೆ ನಮ್ಮದು. ಹೇಳುವವನಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಬೇರೆ ಮಾತಿಲ್ಲದೆ ಆ ಒಂದು ದೀರ್ಘಸ್ವರ ಹೇಳಿಬಿಡುತ್ತದೆ. ಬರುತ್ತಾನೆ ಎಂದವನ ಮಾತಿನ ಮೇಲೆ ನಾವು ಅಕ್ಕಿ ಅಳೆದು ಹಾಕುತ್ತೇವೆ. ಬಂದಾನು ಎಂದವನ ಮಾತಿನ ಮೇಲೆ ಸ್ವಲ್ಪ ಕಾಯುತ್ತೇವೆ. ಬೆಂಗಳೂರು ಮೈಸೂರು ಕಡೆಯ ಆಡುಮಾತಿನಲ್ಲಿ ಈ ರೂಪ ಈಗ ಕಡಿಮೆಯಾಗಿ, ಅದರ ಕೆಲಸವನ್ನು 'ಬಹುದು' ಹೊತ್ತುಕೊಂಡಿದೆ. ಧಾರವಾಡದ ಕಡೆ ಇನ್ನೂ ಜೀವಂತವಾಗಿದೆ. ಅದು ಬೇರೆ ಲೇಖನದ ವಿಷಯ, ಇರಲಿ.

ನಕ್ಷೆಗೆ ವಿಧ್ಯರ್ಥಕ ಚೆನ್ನಾಗಿ ಬರುತ್ತದೆ. ತಿರುಗಿ, ಮುಂದುವರಿಯಿರಿ ಎಂದು ನಿಸ್ಸಂಕೋಚವಾಗಿ ಅಪ್ಪಣೆ ಕೊಡುತ್ತದೆ. ನಿಷೇಧದಲ್ಲಿ ಕೊಂಚ ದುರ್ಬಲ. ಇದು ನನಗೆ ತಿಳಿಯದು ಎಂಬ ಸರಳ ವಾಕ್ಯ ಅದರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಸಂಭಾವನಾರ್ಥಕವಂತೂ ಅದಕ್ಕೆ ಬರುವುದೇ ಇಲ್ಲ. 28 ನಿಮಿಷ ಎನ್ನುತ್ತದೆ. ಇಪ್ಪತ್ತೈದೂ ಅಲ್ಲ, ಅರ್ಧ ಗಂಟೆಯೂ ಅಲ್ಲ, 28. ಅಂಕಿ ಎಷ್ಟು ಸಣ್ಣದಾಗಿ ಒಡೆದಿದ್ದರೆ ಮಾತು ಅಷ್ಟು ಖಚಿತವೆಂಬ ಭ್ರಮೆ ನಮ್ಮಲ್ಲಿ ಸಹಜ. ಅರ್ಧ ಗಂಟೆ ಎಂದು ಮನುಷ್ಯ ಹೇಳಿದರೆ ಅದರಲ್ಲಿಯೇ ಹತ್ತು ನಿಮಿಷದ ಸಡಿಲವಿದೆಯೆಂದು ಕೇಳಿದವನಿಗೆ ಗೊತ್ತು. 28ಕ್ಕೆ ಸಡಿಲವೆಲ್ಲಿದೆ?

ಇದೇ ಪ್ರಶ್ನೆಯನ್ನು ಮನುಷ್ಯನಿಗೆ ಕೇಳಿ ನೋಡಿ. ಯಶವಂತಪುರದ ಬಳಿ ಆಟೊ ಹಿಡಿದು, "ಜಾಲಹಳ್ಳಿ ಕ್ರಾಸಿಗೆ ಎಷ್ಟು ಹೊತ್ತಾಗತ್ತಪ್ಪ?" ಎಂದೊಮ್ಮೆ ಕೇಳಿದೆ.

"ಇಪ್ಪತ್ತು ನಿಮ್ಷ ಆಗ್ಬೋದು ಸಾರ್, ಗೊರಗುಂಟೆಪಾಳ್ಯ ಬಿಟ್ರೆ. ಬಿಡ್ಲಿಲ್ಲ ಅಂದ್ರೆ ನನ್ನ ಕೇಳ್ಬೇಡಿ."

ಈ ಉತ್ತರದಲ್ಲಿ ಏನೇನಿದೆ ನೋಡಿ. ಅಂದಾಜಿದೆ, ಅಂದಾಜೆಂದು ಹೇಳುವ ಕ್ರಿಯಾರೂಪವಿದೆ, ಅಂದಾಜು ಕೆಡುವುದಾದರೆ ಎಲ್ಲಿ ಕೆಡುತ್ತದೆಂಬ ಸ್ಥಳನಿರ್ದೇಶವಿದೆ, ಕೆಟ್ಟರೆ ಹೊಣೆ ಯಾರದೆಂಬ ಷರತ್ತೂ ಇದೆ. ಎರಡು ವಾಕ್ಯಗಳಲ್ಲಿ ಇಷ್ಟು ಸಾಮಗ್ರಿ ತುಂಬಿದ ಗದ್ಯವನ್ನು ನಾನು ಪಠ್ಯಪುಸ್ತಕಗಳಲ್ಲಿಯೂ ಹೆಚ್ಚಾಗಿ ಕಂಡಿಲ್ಲ. ನಕ್ಷೆಯ ಬಳಿ ಈ ಮಾಹಿತಿಯೆಲ್ಲ, ಇದಕ್ಕಿಂತ ಸಾವಿರ ಪಾಲು ಹೆಚ್ಚಾಗಿ, ಇದೆ. ಗೊರಗುಂಟೆಪಾಳ್ಯ ಎಷ್ಟು ದಿನ ಬಿಟ್ಟಿತು, ಎಷ್ಟು ದಿನ ಬಿಡಲಿಲ್ಲವೆಂದು ಅದಕ್ಕೆ ವಾರದ ಲೆಕ್ಕದಲ್ಲಿ ಗೊತ್ತಿರಬೇಕು. ಹೇಳುವಾಗ ಮಾತ್ರ ಒಂದೇ ಅಂಕಿ.

ಗೊತ್ತಿರಬೇಕು ಎಂದದ್ದು ನನ್ನ ಊಹೆಯಲ್ಲ; ಸಾಕ್ಷ್ಯ ಕೃತಿಯಲ್ಲಿಯೇ ಇದೆ. ಗೂಗಲ್ ನಕ್ಷೆಯಲ್ಲಿ ಈಗಿನ ಪ್ರಯಾಣವನ್ನು ಬಿಟ್ಟು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹೇಗೆ ಎಂದು ವೇಳೆ ಗೊತ್ತುಮಾಡಿ ಕೇಳಿ. ಆಗ ಅದು ಒಂದಂಕಿ ಕೊಡುವುದಿಲ್ಲ. ಸಾಮಾನ್ಯವಾಗಿ ಇಷ್ಟು ನಿಮಿಷದಿಂದ ಇಷ್ಟರವರೆಗೆ ಎಂದು ಎರಡು ಅಂಕಿಗಳನ್ನು ಕೊಡುತ್ತದೆ. ಬೆಂಗಳೂರಿನಲ್ಲಿ ಎರಡನೆಯದು ಮೊದಲನೆಯದರ ಇಮ್ಮಡಿಯಾಗುವುದೂ ಉಂಟು. ಅಂದರೆ ನಾಳೆಯ ವಿಷಯದಲ್ಲಿ ಅದಕ್ಕೆ ವಿನಯವಿದೆ. ಈಗಿನ ವಿಷಯದಲ್ಲಿ ಇಲ್ಲ. ಈಗ ಹೊರಟವನ ಐವತ್ತನೆಯ ನಿಮಿಷವೂ ಭವಿಷ್ಯತ್ತೇ ಅಲ್ಲವೆ? ಬಾರದ ವ್ಯಾಕರಣವನ್ನು ಕ್ಷಮಿಸಬಹುದು; ಬಂದೂ ಬಳಸದ ವ್ಯಾಕರಣವನ್ನು ಶೈಲಿಯ ದೋಷವೆನ್ನದೆ ವಿಧಿಯಿಲ್ಲ. ಒಂದಂಕಿಯ ಮಾತು ಅಂಗಡಿಯಲ್ಲಿ ಚೆನ್ನಾಗಿ ಬಿಕರಿಯಾಗುತ್ತದೆ. ಕೊಳ್ಳುವ ನಮಗೂ ಅದೇ ಬೇಕು; ಜಾತಕದ ಮುಂದೆ ಕೂತವನು 'ಹೆಚ್ಚುಕಡಿಮೆ' ಎಂಬ ಮಾತನ್ನು ಇಷ್ಟಪಡುತ್ತಾನೆಯೆ?

ಕಾಲದ ವಿಷಯದಲ್ಲಿಯೂ ಇಂಥದೇ ಒಂದು ಗೋಜಲಿದೆ. ನಮ್ಮಲ್ಲಿ ವರ್ತಮಾನವೆಂಬ ಪದಕ್ಕೆ ಈಗಿನ ಕಾಲ ಎಂದೂ ಅರ್ಥ, ಸುದ್ದಿ ಎಂದೂ ಅರ್ಥ. ಹಳಬರು 'ಏನು ವರ್ತಮಾನ?' ಎಂದೇ ಕೇಳುತ್ತಿದ್ದರು. ನಕ್ಷೆ ತನ್ನನ್ನು ವರ್ತಮಾನವೆಂದು ಕರೆದುಕೊಳ್ಳುವಾಗ ನಾವು ಮೊದಲನೆಯ ಅರ್ಥವನ್ನು ಹಿಡಿಯುತ್ತೇವೆ; ನಿಜವಾಗಿ ಅದು ಎರಡನೆಯದು, ಅದೂ ಹಳೆಯ ಸುದ್ದಿ ಬೆರೆತದ್ದು. ಎಷ್ಟು ಹಳೆಯದೆಂಬುದು 2020ರಲ್ಲಿ ಬೆಳಕಿಗೆ ಬಂತು. ಲಾಕ್‌ಡೌನ್ ಶುರುವಾದಾಗ ಜಗತ್ತಿನಾದ್ಯಂತ ಸಂಚಾರ ಶೇಕಡ 50ರವರೆಗೂ ಕುಸಿಯಿತೆಂದೂ, ಹಿಂದಿನ ದಾಖಲೆಗಳಿಗಿಂತ ಈಚಿನ ಎರಡರಿಂದ ನಾಲ್ಕು ವಾರಗಳ ದಾಖಲೆಗೇ ಹೆಚ್ಚು ಬೆಲೆ ಕೊಡುವಂತೆ ತಮ್ಮ ಲೆಕ್ಕವನ್ನು ತಿದ್ದಬೇಕಾಯಿತೆಂದೂ ಗೂಗಲಿನವರೇ ಆ ವರ್ಷ ಪ್ರಕಟಿಸಿದರು. ವರ್ತಮಾನವೆಂದು ನಾವು ಓದುತ್ತಿದ್ದ ವಾಕ್ಯದಲ್ಲಿ ಭೂತಕಾಲ ಎಷ್ಟು ದಟ್ಟವಾಗಿ ಬೆರೆತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿಲ್ಲ.

ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು. ನ್ಯಾಯಕ್ಕಾಗಿ ಅದನ್ನೂ ಹೇಳಬೇಕು. ತಲುಪುವ ವೇಳೆಯ ಬಗ್ಗೆ ತಾವು ಕೊಡುವ ಅಂದಾಜು ಶೇಕಡ 97ಕ್ಕೂ ಮೀರಿದ ಪ್ರಯಾಣಗಳಲ್ಲಿ ಸರಿಯಾಗಿದೆಯೆಂದು ಅವರ ಹೇಳಿಕೆ. ಸಾಮಾನ್ಯವಾದ ಸಾಧನೆಯಲ್ಲ; ನಮ್ಮಲ್ಲಿ ಯಾವ ಜೋಯಿಸನೂ ಇದನ್ನು ಹೇಳಿಕೊಳ್ಳಲಾರ. ಆದರೆ ಉಳಿದ 3 ಎಲ್ಲಿ ಬೀಳುತ್ತದೆ? ಹಿಂದಿನದನ್ನು ಕಲಿತು ಮುಂದಿನದನ್ನು ಹೇಳುವ ಯಂತ್ರ ತಪ್ಪುವುದು ಹಿಂದಿನಂತಿಲ್ಲದ ದಿನಗಳಲ್ಲಿ: ಮಳೆ ಸುರಿದ ಸಂಜೆ, ಮೆರವಣಿಗೆಯ ದಿನ, ಸಾಲುರಜೆಯ ಹಿಂದಿನ ರಾತ್ರಿ. 2023ರ ಸೆಪ್ಟೆಂಬರ್ 27ರಂದು ಹೊರವರ್ತುಲ ರಸ್ತೆಯಲ್ಲಿ ಗಂಟೆಗಟ್ಟಲೆ ಕೂತವರು ಅದನ್ನು ಮರೆತಿರಲಾರರು. ಅಂದರೆ ಆ ಮೂರು ಪಾಲು ವರ್ಷದ ದಿನಗಳಿಗೆಲ್ಲ ಸಮನಾಗಿ ಹಂಚಿಹೋಗುವುದಿಲ್ಲ. ನಕ್ಷೆ ನಮಗೆ ಅತ್ಯಗತ್ಯವಾದ ದಿನಗಳಲ್ಲಿಯೇ ಅದು ಗುಡ್ಡೆಬೀಳುವ ಸಂಭವ ಹೆಚ್ಚು. ದಿನವೂ ಹೋಗಿಬರುವ ದಾರಿಗೆ ನಕ್ಷೆ ಯಾರಿಗೆ ಬೇಕು?

2024ರ ಒಂದು ಪರೀಕ್ಷೆಯ ಬೆಳಿಗ್ಗೆ ನಾನು ಕೊಠಡಿಯ ಮೇಲ್ವಿಚಾರಕನಾಗಿದ್ದೆ. ಪ್ರಶ್ನೆಪತ್ರಿಕೆ ಕೊಟ್ಟು ಅರ್ಧ ಗಂಟೆ ಕಳೆದಮೇಲೆ ಯಾರನ್ನೂ ಒಳಗೆ ಬಿಡಬಾರದೆಂಬುದು ನಿಯಮ. ಅರ್ಧ ಗಂಟೆ ಮುಗಿದು ಆರು ನಿಮಿಷಕ್ಕೆ ಒಬ್ಬಳು ಹುಡುಗಿ ಮೆಟ್ಟಿಲೇರಿ ಬಂದಳು. ನೆಲಮಂಗಲದ ಕಡೆಯವಳು. ಮೊದಲು ಮಾತೇ ಹೊರಡಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಹೊರಡುವ ಮುನ್ನ ತೆರೆಯ ಚಿತ್ರವನ್ನು ಹಿಡಿದಿಟ್ಟುಕೊಂಡಿದ್ದಳು: 52 ನಿಮಿಷ, ದಾರಿಯುದ್ದಕ್ಕೂ ಹಸಿರು. "ನೋಡಿ ಸಾರ್, ಐವತ್ತೆರಡೇ ನಿಮಿಷ ತೋರಿಸ್ತಿತ್ತು. ಒಂದೂಮುಕ್ಕಾಲು ಗಂಟೆ ಮೊದಲೇ ಹೊರಟೆ ಸಾರ್." ದಾರಿಯಲ್ಲಿ ಲಾರಿಯೊಂದು ಮಗುಚಿತ್ತಂತೆ. ಯಾವ ಕಂಪನಿಯ ನಕ್ಷೆಯೆಂದು ನಾನು ಕೇಳಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ, ಎಲ್ಲವೂ ಒಂದೇ ವ್ಯಾಕರಣದವು. ನಿಯಮ ನಿಯಮವೇ ಆದ್ದರಿಂದ ಅವಳನ್ನು ಮುಖ್ಯ ಮೇಲ್ವಿಚಾರಕರ ಬಳಿಗೆ ಕಳಿಸಿದೆ. ಅವರೂ ಬಿಡಲಿಲ್ಲ.

ಲಾರಿ ಮಗುಚುವುದನ್ನು ಯಾವ ನಕ್ಷೆಯೂ ಮುಂದಾಗಿ ಹೇಳಲಾರದು. ಅದು ನನಗೂ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಆ ಹುಡುಗಿ ಬುದ್ಧಿವಂತೆ. ಹೇಳಿದ್ದರ ಇಮ್ಮಡಿ ಕಾಲವನ್ನು ಕೈಯಲ್ಲಿಟ್ಟುಕೊಂಡು ಹೊರಟಿದ್ದಳು. ಆದರೂ ತನ್ನ ಪರವಾಗಿ ಅವಳು ತಂದ ಸಾಕ್ಷಿ ನಕ್ಷೆಯ ಅಂಕಿ. ನ್ಯಾಯಾಲಯದಲ್ಲಿ ದಸ್ತಾವೇಜು ಹಿಡಿದಂತೆ ಹಿಡಿದಿದ್ದಳು. ಅಂಕಿ ಹಾಗೆ ಮುದ್ರೆಯೊತ್ತಿದಂತೆ ಮಾತಾಡಿದಾಗ ಕೇಳಿದವರು ಅದನ್ನು ದಸ್ತಾವೇಜೆಂದು ತಿಳಿಯುವುದರಲ್ಲಿ ಆಶ್ಚರ್ಯವೇನು? 52ರ ಜತೆಗೆ 'ಕೆಲವು ದಿನ 110 ಆದದ್ದೂ ಉಂಟು' ಎಂದು ಅದೇ ತೆರೆ ಹೇಳಿದ್ದರೆ ಅವಳು ಹಿಂದಿನ ರಾತ್ರಿಯೇ ನೆಂಟರ ಮನೆಗೆ ಬಂದಿದ್ದಾಳು.

ಇದರ ಇನ್ನೊಂದು ಮುಖ ಇನ್ನೂ ಕಠಿಣ. ಬಾಡಿಗೆ ಕಾರಿನವರು, ಊಟದ ಪೊಟ್ಟಣ ಮುಟ್ಟಿಸುವ ಹುಡುಗರು ಈ ಅಂಕಿಯನ್ನು ಓದುವವರಲ್ಲ, ಅದರಿಂದ ಓದಲ್ಪಡುವವರು. ಗಿರಾಕಿ ಸೋಫಾದಲ್ಲಿ ಕೂತು ತೆರೆಯ ಮೇಲಿನ ಪುಟ್ಟ ಗಾಡಿಯನ್ನು ದಿಟ್ಟಿಸುತ್ತಿರುತ್ತಾನೆ. 7 ನಿಮಿಷ ಎಂದಿದ್ದದ್ದು 19 ಆದರೆ ಅವನ ಕಣ್ಣಿಗೆ ತಪ್ಪಿದ್ದು ನಕ್ಷೆಯಲ್ಲ. ಹುಡುಗ ಎಲ್ಲೋ ಚಹಾ ಕುಡಿಯುತ್ತ ನಿಂತಿದ್ದಾನೆ. ಅಂದಾಜು ತಪ್ಪಾಯಿತೆಂದು ಹೇಳುವ ಬದಲು ಮನುಷ್ಯ ತಪ್ಪಿದನೆಂದು ಹೇಳುವ ಅಭ್ಯಾಸ ಬೆಳೆಯುತ್ತಿದೆ. ಕ್ರಿಯಾಪದದ ಒಂದು ಪ್ರತ್ಯಯ ಲೋಪವಾದದ್ದಕ್ಕೆ ದಂಡ ತೆರುವವನು ಬಿಸಿಲಲ್ಲಿ ಬೈಕ್ ಹತ್ತಿದವನು.

ಪಂಚಾಂಗಕ್ಕೂ ನಕ್ಷೆಗೂ ಒಂದು ವ್ಯತ್ಯಾಸವುಂಟೆಂಬುದನ್ನು ಇಲ್ಲಿ ಸೇರಿಸಬೇಕು. ಪಂಚಾಂಗದವರು ಮಳೆಯ ಫಲ ಬರೆದರೆ ಅದರಿಂದ ಮೋಡ ಕದಲುವುದಿಲ್ಲ. ನಕ್ಷೆ ಎಡದ ದಾರಿ ತೆರವೆಂದರೆ ಸಾವಿರ ಮಂದಿ ಎಡಕ್ಕೆ ತಿರುಗುತ್ತಾರೆ, ಎಡ ಕೆಂಪಾಗುತ್ತದೆ. ಹೇಳಿದ ಮಾತೇ ಹೇಳಿದ್ದನ್ನು ಕೆಡಿಸುವ ಭವಿಷ್ಯವಾಣಿ ಇದು. ಪ್ರತಿಯೊಬ್ಬನೂ ತನಗೆ ಹತ್ತಿರದ ದಾರಿ ಹಿಡಿದರೆ ಎಲ್ಲರಿಗೂ ತಡವಾಗುವ ಸಂದರ್ಭಗಳುಂಟೆಂದು ಜರ್ಮನಿಯ ಗಣಿತಜ್ಞ ಡೀಟ್ರಿಕ್ ಬ್ರೆಸ್ 1968ರಲ್ಲಿಯೇ ತೋರಿಸಿದ್ದ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರಿನವರು 2018ರಲ್ಲಿ ಬೆಳಿಗ್ಗೆ ಸಂಜೆ ಹೊರಗಿನವರಿಗೆ ತಮ್ಮ ಬೀದಿಗಳನ್ನೇ ಮುಚ್ಚಿದರು. ಆ್ಯಪುಗಳು ತೋರಿಸಿದ ಒಳದಾರಿ ಹಿಡಿದು ಬರುವ ಕಾರುಗಳ ಕಾಟ ತಡೆಯಲಾರದೆ. ಮಲ್ಲೇಶ್ವರದ ಅಡ್ಡರಸ್ತೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಈ ಕೃತಿಯನ್ನು ಚೆನ್ನಾಗಿ ಓದುವುದು ಸಾಧ್ಯವೆಂಬುದಕ್ಕೆ ಒಂದು ನಿದರ್ಶನ ಸಾಕು. 2022ರ ಫೆಬ್ರವರಿ 24ರ ಬೆಳಗಿನ ಜಾವ, ರಷ್ಯಾದ ಬೆಲ್ಗೊರೊಡ್ ನಗರದಿಂದ ಯುಕ್ರೇನಿನ ಗಡಿಯತ್ತ ಹೋಗುವ ದಾರಿಯಲ್ಲಿ ನಕ್ಷೆ ಹೊತ್ತಲ್ಲದ ಹೊತ್ತಿನಲ್ಲಿ ಕೆಂಪಾಯಿತು. ಕ್ಯಾಲಿಫೋರ್ನಿಯಾದ ಮಿಡಲ್‌ಬರಿ ಸಂಸ್ಥೆಯ ಪ್ರಾಧ್ಯಾಪಕ ಜೆಫ್ರಿ ಲೂಯಿಸ್ ಮತ್ತು ಜತೆಗಾರರು ಅದನ್ನು ಕಂಡು, ಯುದ್ಧ ಹೊರಟಿತೆಂದು ಸುದ್ದಿಗೆ ಮುಂಚೆಯೇ ಹೇಳಿದರು. ಅವರು ಕೆಂಪನ್ನು ಅದು ತೋರಿದಂತೆ ನಂಬಿ ಹಾಗೆ ಹೇಳಿದವರಲ್ಲ. ಅಲ್ಲಿ ಸೈನ್ಯ ಜಮಾಯಿಸಿದ್ದನ್ನು ಉಪಗ್ರಹದ ಚಿತ್ರದಲ್ಲಿ ಮೊದಲೇ ನೋಡಿದ್ದರು. ಆ ಕೆಂಪು ಬಹುಶಃ ಸೈನಿಕರ ಫೋನುಗಳದಲ್ಲ, ಸೈನ್ಯಕ್ಕಾಗಿ ತಡೆದು ನಿಲ್ಲಿಸಿದ ನಾಗರಿಕರ ಫೋನುಗಳದು ಎಂದು ವ್ಯಾಖ್ಯಾನ ಮಾಡಿದರು. ವಾಚ್ಯಾರ್ಥವನ್ನು ದಾಟಿ ಓದಿದ ಓದು ಅದು. ಕೆಲವೇ ದಿನಗಳಲ್ಲಿ ಗೂಗಲ್ ಯುಕ್ರೇನಿನ ಟ್ರಾಫಿಕ್ ಬಣ್ಣಗಳನ್ನು ತಾತ್ಕಾಲಿಕವಾಗಿ ಮರೆಮಾಡಿತು. ಆದರೆ ಆಫೀಸಿಗೆ ತಡವಾದ ಗುಮಾಸ್ತನಿಂದ ಇಂಥ ವ್ಯಾಖ್ಯಾನವನ್ನು ಬಯಸುವುದು ನ್ಯಾಯವೆ? ಅವನಿಗೆ ಬೇಕಾದ ಟೀಕೆಯನ್ನು ಮೂಲಕೃತಿಯೇ ಹೊತ್ತು ಬರಬೇಕು.

ಹಾಗೆ ಹೊತ್ತು ಬಂದ ನಕ್ಷೆಗಳು ಇದೇ ಊರಿನಲ್ಲಿ ಹುಟ್ಟಿದ್ದವು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಬೆಂಗಳೂರಿನ ಹೊರಗೆ ಉಕ್ಕಿನ ಸರಪಳಿ ಎಳೆದು ಏಳು ಮೈಲಿಗೂ ಮಿಕ್ಕ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಬಳಿ ಇನ್ನೊಂದನ್ನು ಅಳೆದು ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಬಂದು, 1804ರಲ್ಲಿ ತನ್ನ ಲೆಕ್ಕ ಸರಿಯೇ ಎಂದು ನೋಡುವುದಕ್ಕೆಂದೇ ಬೆಂಗಳೂರಿನ ಬಳಿ ಮತ್ತೆ ನೆಲ ಅಳೆಸಿದ. ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ಒಂದು ಗೇಣೂ ಇರಲಿಲ್ಲ. ಆ ವ್ಯತ್ಯಾಸವನ್ನು ಅವನು ಅಡಗಿಸಲಿಲ್ಲ. ಅಳತೆಯ ವಿವರಗಳು 'ಏಷ್ಯಾಟಿಕ್ ರಿಸರ್ಚಸ್' ಸಂಪುಟಗಳಲ್ಲಿ ಅಚ್ಚಾದವು. ಸಾಮ್ರಾಜ್ಯದ ಕೆಲಸ ಅದು, ನಮ್ಮ ಉಪಕಾರಕ್ಕೆ ಮಾಡಿದ್ದಲ್ಲ; ಆದರೆ ಅಳೆದವನು ತನ್ನ ಅಳತೆಯ ಜತೆ ತನ್ನ ದೋಷವನ್ನೂ ಅಳೆದು ಬರೆದಿಟ್ಟ. ಇಂದಿನ ನಕ್ಷೆಗಾರರ ಬಳಿ ಅವನಿಗಿಲ್ಲದ ಸಲಕರಣೆಗಳೆಲ್ಲ ಇವೆ. ತಮ್ಮ ಅಂಕಿ ಎಷ್ಟು ತಪ್ಪಿತೆಂಬುದು ಪ್ರತಿ ಪ್ರಯಾಣದ ಕೊನೆಗೆ ಅವರಿಗೆ ತಾನಾಗಿಯೇ ತಿಳಿಯುತ್ತದೆ. ಓದುಗನಿಗೆ ತಿಳಿಸುವ ಜಾಗ ತೆರೆಯ ಮೇಲಿಲ್ಲ, ಅಷ್ಟೆ.

ನಾನು ಕೇಳುವುದು ಹೆಚ್ಚಿನದೇನಲ್ಲ. 28 ಎಂಬ ಕಡೆ '25ರಿಂದ 45 ಆದೀತು' ಎಂದಿರಲಿ. ಫೋನುಗಳಿಂದ ಸುದ್ದಿಯೇ ಬಾರದ ರಸ್ತೆಗೆ ಹಸಿರು ಬಳಿಯುವ ಬದಲು ಬೂದುಬಣ್ಣ ಬಳಿದು 'ತಿಳಿಯದು' ಎಂದಿರಲಿ. ಈ ಬಣ್ಣ ಎಷ್ಟು ನಿಮಿಷದ ಹಿಂದಿನದೆಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ಬರೆದಿರಲಿ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಹೊರಟರೆ ನಾಲ್ಕು ಪದಗಳನ್ನು ಸೇರಿಸಬೇಕಾಗಿ ತೆರೆಯ ಮೇಲೆ ಸ್ಥಳ ಸಾಲದೆಂದು ಅವರು ಹೇಳಬಹುದು. ಕನ್ನಡದ ಕಂಠಕ್ಕೆ ಆ ತೊಂದರೆಯಿಲ್ಲ. 'ಮುಟ್ಟುವಿರಿ' ಎಂಬಲ್ಲಿ 'ಮುಟ್ಟೀರಿ' ಎಂದರೆ ಒಂದಕ್ಷರ ಉಳಿತಾಯವೇ ಆಗುತ್ತದೆ. ಉಳಿದ ಭಾಷೆಯವರು ತಮ್ಮ ದಾರಿಯನ್ನು ತಾವು ಕಂಡುಕೊಂಡಾರು.